ಒಂದೇ ಬೆಂಚಿನ ಮೂರ್ತಿಗಾರು ಮತ್ತು ರೇಣುಕಾ

ಎಂ.ಟೆಕ್. ಸೇರಲು ಬಂದವರು ನನ್ನ ಕೋಣೆಯಲ್ಲಿ ಕೂತು ಕೇಳುತ್ತಿದ್ದ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಮೇಡಂ, ಪ್ರಾಜೆಕ್ಟ್ ಯಾವಾಗ ಶುರು?" ಪಿಎಚ್.ಡಿ.ಗೆ ಬಂದವರಿಗೆ ಇನ್ನೂ ಅವಸರ: "ಈ ಕೋರ್ಸ್‌ವರ್ಕ್‌ನಿಂದ ವಿನಾಯಿತಿ ಏನಾದರೂ ಇದೆಯಾ?" ಮೆಕ್ಯಾನಿಕಲ್ ವಿಭಾಗದಲ್ಲಿ ಸ್ನಾತಕೋತ್ತರ ತರಗತಿಗಳ ಉಸ್ತುವಾರಿ ನೋಡಿಕೊಂಡಷ್ಟು ಕಾಲ ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳುತ್ತಲೇ ಇದ್ದೆ. ಈಗ ನನ್ನ ಕುರ್ಚಿಯಲ್ಲಿ ಕೂತಿರುವ ಕಿರಿಯ ಸಹೋದ್ಯೋಗಿ ಮೊನ್ನೆ ಫೋನ್ ಮಾಡಿ, "ಮೇಡಂ, ನೀವು ಅವರಿಗೆಲ್ಲ ಏನಂತ ಹೇಳ್ತಿದ್ರಿ?" ಎಂದು ಕೇಳಿದಳು. ಫೋನಿನಲ್ಲಿ ಮುಗಿಯುವ ಮಾತಲ್ಲ, ಬರೆದು ಕಳಿಸುತ್ತೇನೆ ಎಂದೆ. ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾವ ಸಮಿತಿಯಲ್ಲಿದ್ದೆ ಎನ್ನುವುದರಿಂದ ಅವರಿಗೆ ಆಗಬೇಕಾದ್ದೇನೂ ಇಲ್ಲ.

ನಾನು ಅರಸೀಕೆರೆಯವಳು. ನಮ್ಮೆಜಮಾನರು ಶ್ರೀಕಂಠ ಬ್ಯಾಂಕಿನಲ್ಲಿದ್ದರು. ಅವರಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ, ನಾನೂ ಅಲ್ಲಿಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿಗೆ ಅರ್ಜಿ ಹಾಕಿದೆ. ಎರಡು ಮೂರು ವರ್ಷ ಇದ್ದು ಊರ ಕಡೆ ಹೋಗುವುದೆಂದು ನಾವಿಬ್ಬರೂ ಅಂದುಕೊಂಡಿದ್ದೆವು. ಅವರಿಗೆ ಆಮೇಲೆ ಪಕ್ಕದಲ್ಲೇ ಇರುವ ಅನಕಾಪಲ್ಲಿಗೆ ವರ್ಗವಾಯಿತು. ಬೆಲ್ಲದ ಮಂಡಿಯವರ ಜೊತೆ ಮಾತಾಡಿ ಮಾತಾಡಿ ಅವರ ತೆಲುಗು ಅಲ್ಲಿಯವರ ತೆಲುಗಿನಂತೆಯೇ ಆಯಿತು. ನನಗೆ ಕಾಲೇಜು ಒಗ್ಗಿತು. ನಮಗೆ ಮಕ್ಕಳಿರಲಿಲ್ಲ, ಎಲ್ಲಿಗೂ ಓಡುವ ಅವಸರವಿರಲಿಲ್ಲ. ಹಾಗೇ ಉಳಿದುಬಿಟ್ಟೆವು.

ನಮ್ಮ ವಿಭಾಗದ ಮುಖ್ಯಸ್ಥರು ಅಪ್ಪಾರಾವ್ ಗಾರು; ಗಾರು ಎಂದರೆ ಹೆಸರಿನ ಮುಂದೆ ನಾವು ಸೇರಿಸುವ 'ಅವರು' ಇದ್ದಂತೆ. ನಿಯಮಾವಳಿಯ ಪುಸ್ತಕ ಅವರಿಗೆ ಬಾಯಿಪಾಠ. ಎಂ.ಟೆಕ್. ಎಂದರೆ ಮೊದಲ ಎರಡು ಸೆಮಿಸ್ಟರ್ ಪಾಠ, ಆಮೇಲೆ ಪ್ರಾಜೆಕ್ಟ್. ಪಾಠಗಳಲ್ಲಿ ಕೆಲವು ಕಡ್ಡಾಯ, ಕೆಲವು ಆಯ್ಕೆಯವು. ಪಿಎಚ್.ಡಿ. ಮಾಡುವವರು ಕೂಡ ಮೊದಲು ಒಂದಷ್ಟು ವಿಷಯಗಳಲ್ಲಿ ತರಗತಿಗೆ ಬಂದು, ಪರೀಕ್ಷೆ ಬರೆದು ಪಾಸಾಗಬೇಕು. ಸಂಶೋಧನೆ ಮಾಡಲು ಬಂದವನನ್ನು ಮತ್ತೆ ಬೆಂಚಿನ ಮೇಲೆ ಕೂರಿಸುವುದು ಯಾಕೆ ಎಂದು, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಅಪ್ಪಾರಾವ್ ಗಾರನ್ನು ಕೇಳಿದ್ದೆ.

"ಥೀಸಿಸ್ಸನ್ನು ಒಬ್ಬನೇ ಕೂತು ಬರೀಬಹುದು ಅಮ್ಮಾ," ಎಂದರು. "ತನಗೆ ಏನು ಗೊತ್ತಿಲ್ಲ ಅನ್ನೋದು ಗೊತ್ತಾಗಬೇಕಾದರೆ ಪಕ್ಕದಲ್ಲಿ ಇನ್ನೊಬ್ಬ ಬೇಕು."

ಆಗ ಆ ಮಾತು ನನಗೆ ಅಷ್ಟಾಗಿ ತಾಗಲಿಲ್ಲ.

ನಾನು ಪಾಠ ಹೇಳುತ್ತಿದ್ದದ್ದು ಫೈನೈಟ್ ಎಲಿಮೆಂಟ್ ವಿಧಾನ. ಗೊತ್ತಿಲ್ಲದವರಿಗೆ ಎರಡೇ ಮಾತಿನಲ್ಲಿ ಹೇಳುವುದಾದರೆ, ಒಂದು ದೊಡ್ಡ ಯಂತ್ರಭಾಗವನ್ನು ಲೆಕ್ಕದಲ್ಲಿ ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡೂ ಭಾರಕ್ಕೆ ಎಷ್ಟು ಬಾಗುತ್ತದೆಂದು ನೋಡಿ, ಮತ್ತೆ ಎಲ್ಲವನ್ನೂ ಜೋಡಿಸುವುದು. ನಾನು ಸೇರಿದಾಗ ಇದನ್ನೆಲ್ಲ ಬೋರ್ಡಿನ ಮೇಲೆ ಕೈಯಲ್ಲೇ ಮಾಡುತ್ತಿದ್ದೆವು. ಒಂದು ಲೆಕ್ಕಕ್ಕೆ ಒಂದು ಇಡೀ ಪೀರಿಯಡ್ ಬೇಕಾಗುತ್ತಿತ್ತು. ಆಮೇಲೆ ಸಾಫ್ಟ್‌ವೇರ್ ಬಂತು. ಗುಂಡಿ ಒತ್ತಿದರೆ ಯಂತ್ರಭಾಗದ ಮೇಲೆಲ್ಲ ಕೆಂಪು, ಹಳದಿ, ನೀಲಿ ಬಣ್ಣ ಹರಡುತ್ತದೆ. ಒಮ್ಮೆ ಒಬ್ಬ ಹುಡುಗ ಅಂಥ ಒಂದು ಚಿತ್ರ ತಂದು ಹೆಮ್ಮೆಯಿಂದ ತೋರಿಸಿದ. ಗೋಡೆಗೆ ಬೋಲ್ಟ್ ಹಾಕಿ ಕೂರಿಸುವ ಒಂದು ಬ್ರಾಕೆಟ್. ನೋಡಿದರೆ, ಅವನು ಗೋಡೆಗೆ ತಾಗುವ ಕಡೆಯನ್ನು ಸಡಿಲ ಬಿಟ್ಟು ಭಾರ ಹೊರುವ ಕಡೆಯನ್ನು ಬಿಗಿದಿದ್ದ.

"ಇದು ಗೋಡೆಯನ್ನೇ ಹೊತ್ತುಕೊಂಡು ನಿಂತಿದೆಯಲ್ಲೋ," ಎಂದೆ.

"ಆದರೆ ಬಣ್ಣ ಬಂದಿದೆಯಲ್ಲ ಮೇಡಂ!"

ಸ್ಟಾಫ್ ರೂಮಿನಲ್ಲಿ ಈ ಮಾತು ನಾಣ್ಣುಡಿಯಾಯಿತು. ಯಾರಾದರೂ ಅರ್ಥವಿಲ್ಲದ ವರದಿ ತಂದರೆ "ಬಣ್ಣ ಬಂದಿದೆ" ಎನ್ನುತ್ತಿದ್ದೆವು. ಅಂದಿನಿಂದ ನಾನು ಪರೀಕ್ಷೆಯಲ್ಲಿ ಕೈಯಲ್ಲೇ ಮಾಡುವ ಲೆಕ್ಕವನ್ನು ಬಿಡಲಿಲ್ಲ. ಎಷ್ಟೋ ಮಕ್ಕಳು ಇದಕ್ಕಾಗಿ ನನ್ನನ್ನು ಬೈದುಕೊಂಡಿದ್ದಾರೆ.

ಇಷ್ಟು ಹೇಳಿದ್ದು ರೇಣುಕಾಳ ವಿಷಯಕ್ಕೆ ಬರಲಿಕ್ಕೆ.

ರೇಣುಕಾ ಬೈಲಹೊಂಗಲದ ಕಡೆಯವಳು. ಗಂಡ ಬಸವರಾಜ ನೌಕಾಪಡೆಯಲ್ಲಿ, ಹಡಗಿನ ಎಂಜಿನ್ ವಿಭಾಗದಲ್ಲಿ. ಬಿ.ಇ. ಮುಗಿಸಿದ ವರ್ಷವೇ ಮದುವೆಯಾಗಿ ಅವನ ಹಿಂದೆ ಬಂದರಿನಿಂದ ಬಂದರಿಗೆ ತಿರುಗಿದ್ದಳು. ವಿಶಾಖಪಟ್ಟಣಕ್ಕೆ ಬಂದು ಆಗಿನ್ನೂ ಕೆಲವೇ ತಿಂಗಳಾಗಿತ್ತು. ಮಗಳು ಸನ್ನಿಧಿ ಆಗಷ್ಟೇ ಶಾಲೆಗೆ ಸೇರಿದ್ದಳು. ಪ್ರವೇಶ ಸಂದರ್ಶನಕ್ಕೆ ಬಂದವಳು ತನ್ನ ಹಳೆಯ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಎದೆಗೊತ್ತಿಕೊಂಡು ಕೂತಿದ್ದಳು. ಅಪ್ಪಾರಾವ್ ಗಾರು ಅರ್ಜಿ ನೋಡಿ ಮೆತ್ತಗೆ ಕೇಳಿದರು, "ಪಾಪ ಉಂದಾ ಅಮ್ಮಾ?"

ಹೆಣ್ಣುಮಗು ಇದೆಯೇ ಎನ್ನುವುದು ಅವರ ಪ್ರಶ್ನೆ. ತೆಲುಗಿನಲ್ಲಿ ಪಾಪ ಎಂದರೆ ಅದೇ. ರೇಣುಕಾಳ ಮುಖ ಕೆಂಪಾಯಿತು. ಇಂಗ್ಲಿಷಿನಲ್ಲಿ, "ಸರ್, ಯಾರೂ ನನ್ನ ಮೇಲೆ ಕನಿಕರ ತೋರಿಸಬೇಕಾಗಿಲ್ಲ. ಪ್ರಶ್ನೆ ಕೇಳಿ," ಎಂದಳು. ಅಪ್ಪಾರಾವ್ ಗಾರು ಕಕ್ಕಾಬಿಕ್ಕಿಯಾಗಿ ನನ್ನ ಕಡೆ ನೋಡಿದರು. ನಾನು ನಗು ತಡೆದುಕೊಂಡು ಕನ್ನಡದಲ್ಲಿ ಬಿಡಿಸಿ ಹೇಳಿದೆ.

"ಅಯ್ಯ, ಹೌದೇನ್ರಿ!" ಎಂದು ಅವಳು ಬಾಯಿಗೆ ಸೆರಗು ಹಿಡಿದಳು. ಆಮೇಲೆ, "ನೀವು ಕನ್ನಡದವ್ರೇನ್ರಿ ಮೇಡಂ? ಮೊದ್ಲ ಹೇಳಬಾರದೇನ್ರಿ!" ಎಂದಳು.

ಅವತ್ತು ಕೇಳಿದ ಪ್ರಶ್ನೆಗಳಲ್ಲಿ ಅರ್ಧಕ್ಕೆ ಅವಳಿಂದ ಉತ್ತರ ಬರಲಿಲ್ಲ. ಆದರೆ ಗೊತ್ತಿಲ್ಲದ ಕಡೆ ಗೊತ್ತಿಲ್ಲವೆಂದೇ ಹೇಳಿದಳು. ಅಪ್ಪಾರಾವ್ ಗಾರು ಸೀಟು ಕೊಟ್ಟರು.

ಅದೇ ವರ್ಷ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿದವರು ಮೂರ್ತಿಗಾರು. ನಮ್ಮ ಸಂಸ್ಥೆಗೆ ವಿಜಯವಾಡದಲ್ಲೂ ಒಂದು ಕ್ಯಾಂಪಸ್ ಇದೆ. ಮೂರ್ತಿಗಾರು ಅಲ್ಲಿ ಬಹಳ ವರ್ಷಗಳಿಂದ ಪಾಠ ಹೇಳುತ್ತಿದ್ದವರು, ಐವತ್ತು ದಾಟಿದವರು. ಪಿಎಚ್.ಡಿ.ಗೆ ಸೇರಿ ಕೋರ್ಸ್‌ವರ್ಕನ್ನಾದರೂ ಮುಗಿಸದವರನ್ನು ಮುಂದುವರಿಸುವುದಿಲ್ಲ ಎಂಬ ಸುತ್ತೋಲೆ ಬಂದ ಮೇಲೆ, ಬೇರೆ ದಾರಿಯಿಲ್ಲದೆ ಹೊರಟಿದ್ದರು. ಇಂಥವರಿಗಾಗಿಯೇ ಎರಡನೆಯ ಸೆಮಿಸ್ಟರಿನ ಫೈನೈಟ್ ಎಲಿಮೆಂಟ್ ತರಗತಿಯನ್ನು ನಾವು ಶುಕ್ರವಾರ, ಶನಿವಾರಕ್ಕೆ ಇಟ್ಟುಕೊಂಡಿದ್ದೆವು. ಎಂ.ಟೆಕ್.ನವರೂ ಪಿಎಚ್.ಡಿ.ಯವರೂ ಒಟ್ಟಿಗೇ ಕೂರುತ್ತಿದ್ದರು. ಮೂರ್ತಿಗಾರು ವಾರ ವಾರವೂ ವಿಜಯವಾಡದಿಂದ ರೈಲಿನಲ್ಲಿ ಬರುತ್ತಿದ್ದರು.

ಅವರು ಮೊದಲ ದಿನ ಬಂದಾಗ ಇಡೀ ತರಗತಿ ಎದ್ದು ನಿಂತಿತು. ಬೆಳ್ಳಗಿನ ಕೂದಲು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು ನೋಡಿ ಹುಡುಗರು ಇವರೇ ಮೇಷ್ಟ್ರು ಎಂದುಕೊಂಡಿದ್ದರು. ಆಗಲೇ ಬೋರ್ಡಿನ ಹತ್ತಿರ ನಿಂತಿದ್ದ ನಾನೂ ಒಂದು ಕ್ಷಣ ಪಕ್ಕಕ್ಕೆ ಸರಿದೆ.

"ಕೂರ್ಚೋಂಡಿ, ಕೂರ್ಚೋಂಡಿ," ಎಂದು ಎಲ್ಲರನ್ನೂ ಕೂರಿಸಿ, ನಾಚಿಕೆಯಿಂದ ಸುತ್ತ ಕಣ್ಣಾಡಿಸಿದರು. ಹುಡುಗರ ಬೆಂಚುಗಳೆಲ್ಲ ತುಂಬಿದ್ದವು. ರೇಣುಕಾ ಒಬ್ಬಳೇ ಕೂತಿದ್ದಳು. ಅವಳಿಗಿಂತ ಎಷ್ಟೋ ಚಿಕ್ಕ ಹುಡುಗಿಯರು ಬೇರೆ ಗುಂಪಾಗಿದ್ದರು. ಅವಳು ತನ್ನ ಚೀಲ ಎತ್ತಿಕೊಂಡು ಜಾಗ ಬಿಟ್ಟಳು. ಮೂರ್ತಿಗಾರು ಬೆಂಚಿನ ಆ ತುದಿಯಲ್ಲಿ, ಬೀಳುವ ಹಾಗೆ ಕೂತರು.

ಮೊದಲ ಆಂತರಿಕ ಪರೀಕ್ಷೆಯಲ್ಲಿ ತರಗತಿಯಲ್ಲೇ ಕಡಿಮೆ ಅಂಕ ಬಂದದ್ದು ಅವರಿಗೆ. ಉತ್ತರ ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, ತರಗತಿ ಮುಗಿದ ಮೇಲೆ ನನ್ನ ಕೋಣೆಗೆ ಬಂದರು. ರೇಣುಕಾ ಏನೋ ಸಂಶಯ ಕೇಳಲು ನನ್ನ ಎದುರು ಕೂತಿದ್ದಳು. ಅವಳು ಏಳಹೋದಾಗ, ಇರು ಎಂದು ಸನ್ನೆ ಮಾಡಿದರು.

"ಮೇಡಂ, ನನ್ನ ಹೆಸರು ತೆಗೆದುಬಿಡಿ. ನನ್ನ ಹತ್ತಿರ ಓದಿದ ಮಕ್ಕಳು ಈಗ ಎಲ್ಲೆಲ್ಲೋ ಪ್ರೊಫೆಸರುಗಳು. ಈ ಮ್ಯಾಟ್ರಿಕ್ಸು ನನ್ನ ತಲೆಗೆ ಹತ್ತುತ್ತಿಲ್ಲ. ಇನ್ನೆಷ್ಟು ವರ್ಷ, ಮನೆಯಲ್ಲಿದ್ದುಬಿಡುತ್ತೇನೆ."

ರೇಣುಕಾಳಿಗೆ ಅವರ ತೆಲುಗು ಅರ್ಧ ತಿಳಿಯಿತು, ಅರ್ಧ ಅವರ ಮುಖ ನೋಡಿ ತಿಳಿಯಿತು. ನನ್ನ ಕಡೆ ತಿರುಗಿ, "ಮೇಡಂ, ಇವರಿಗೆ ಹೇಳ್ರಿ," ಎಂದಳು. "ಇವ್ರು ಬಿಟ್ಟು ಹೋದ್ರ ನನ್ನ ಬಾಜೂ ಕುಂಡ್ರವ್ರು ಯಾರೂ ಇಲ್ರಿ. ಆ ಹುಡುಗ್ರು ನನಗ ಆಂಟಿ ಅಂತಾವ. ಇವ್ರು ಇದ್ರ ನಾ ಸಣ್ಣಾಕಿ ಆಗ್ತೇನ್ರಿ."

ನಾನು ಅದನ್ನು ಹಾಗೇ ತೆಲುಗಿನಲ್ಲಿ ಹೇಳಿದೆ. ಮೂರ್ತಿಗಾರು ಅವಳನ್ನೇ ನೋಡಿದರು. ಆಮೇಲೆ ಜೇಬಿನಿಂದ ಉತ್ತರ ಪತ್ರಿಕೆ ತೆಗೆದು, ಮಡಿಕೆ ಬಿಡಿಸಿ, ಮೇಜಿನ ಮೇಲೆ ಅವಳ ಮುಂದಿಟ್ಟರು. "ಇಲ್ಲಿ ಯಾಕೆ ಸೊನ್ನೆ ಬಂತು, ಹೇಳಮ್ಮಾ."

ಅಂದಿನಿಂದ ಅವರಿಬ್ಬರದು ಒಂದು ಜೋಡಿಯಾಯಿತು. ಅವಳಿಗೆ ಗಣಿತ ಬೇಗ ಹತ್ತುತ್ತಿತ್ತು, ಆದರೆ ಯಂತ್ರದ ಅನುಭವವಿರಲಿಲ್ಲ. ಅವರಿಗೆ ಯಂತ್ರ ಗೊತ್ತಿತ್ತು, ಗಣಿತ ತುಕ್ಕು ಹಿಡಿದಿತ್ತು. ಅವಳ ಹಿಂದಿ, ಅವರ ತೆಲುಗು, ಇಬ್ಬರ ಹರಕು ಇಂಗ್ಲಿಷು, ಇವುಗಳ ನಡುವೆ ಹೇಗೋ ಲೆಕ್ಕ ಮಾತ್ರ ಸರಿಯಾಗಿ ದಾಟುತ್ತಿತ್ತು.

ಆ ಸೆಮಿಸ್ಟರ್ ಇನ್ನೂ ಅರ್ಧ ಮುಗಿದಿರಲಿಲ್ಲ, ಬಸವರಾಜನಿಗೆ ಮುಂಬಯಿಗೆ ವರ್ಗವಾಯಿತು. ನೌಕಾಪಡೆಯ ವರ್ಗ, ಹೋಗದೆ ಇರುವ ಹಾಗಿಲ್ಲ. ಉಳಿದ ವಿಷಯಗಳನ್ನು ಮುಂಬಯಿಯ ಯಾವುದಾದರೂ ಕಾಲೇಜಿನಲ್ಲಿ ಮುಗಿಸಿದರೆ ಒಪ್ಪಿಕೊಳ್ಳುತ್ತೀರಾ ಎಂದು ರೇಣುಕಾ ಅರ್ಜಿ ಕೊಟ್ಟಳು. ನಮ್ಮ ನಿಯಮದಲ್ಲಿ ಕೋರ್ಸ್‌ವರ್ಕ್ ನಮ್ಮ ಕ್ಯಾಂಪಸ್ಸಿನಲ್ಲೇ ಆಗಬೇಕು. ವಿಶೇಷ ಸಂದರ್ಭದಲ್ಲಿ ಪಠ್ಯ ಮಂಡಳಿ ಸಡಿಲಿಸಬಹುದೆಂಬ ಒಂದು ಸಾಲೂ ಇತ್ತು, ಆದರೆ ಅದನ್ನು ಯಾರೂ ಬಳಸಿರಲಿಲ್ಲ. ಮಂಡಳಿಯ ಸಭೆ ವಿಜಯವಾಡದಲ್ಲಿ. ನಾನೂ ಅಪ್ಪಾರಾವ್ ಗಾರೂ ಒಂದೇ ರೈಲಿನಲ್ಲಿ ಹೊರಟೆವು.

ದಾರಿಯಲ್ಲಿ ಅವರು ಮನೆಯಿಂದ ತಂದ ಪುಳಿಹೋರವನ್ನು ನನಗೂ ಬಡಿಸಿ, "ಆ ಹುಡುಗಿಯ ಅರ್ಜಿಗೆ ನಾನು ಬೇಡ ಅಂತೀನಿ. ಮೊದಲೇ ಹೇಳ್ತಿದ್ದೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ," ಎಂದರು.

"ಯಾಕೆ ಸರ್? ಅವಳ ತಪ್ಪೇನಿದೆ?"

"ಅವಳ ತಪ್ಪಿಲ್ಲ. ಇವತ್ತು ನಿಜವಾದ ಕಷ್ಟ ಇರೋಳಿಗೆ ಬಾಗಿಲು ತೆಗೀತೀವಿ. ನಾಳೆ ಅದೇ ಬಾಗಿಲಲ್ಲಿ, ಎಲ್ಲೋ ದುಡ್ಡು ಕೊಟ್ಟು ಸರ್ಟಿಫಿಕೇಟ್ ತಂದವನು ನುಗ್ತಾನೆ. ಅವನನ್ನು ತಡೆಯೋದಕ್ಕೆ ನಮ್ಮ ಹತ್ತಿರ ಏನಿರುತ್ತೆ?"

ಸಭೆಯಲ್ಲಿ ನಾನು ಮಾತಾಡಿದೆ, ಚೆನ್ನಾಗಿಯೇ ಮಾತಾಡಿದೆ ಎಂದು ಈಗಲೂ ಅನಿಸುತ್ತದೆ. ಆದರೆ ಅಪ್ಪಾರಾವ್ ಗಾರು ರೈಲಿನಲ್ಲಿ ಹೇಳಿದ್ದನ್ನೇ ಅಲ್ಲೂ ಹೇಳಿದರು, ಎಲ್ಲರೂ ಅವರ ಕಡೆ ತಲೆಯಾಡಿಸಿದರು. ಅರ್ಜಿ ಬಿದ್ದುಹೋಯಿತು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಷ್ಟವಾಗಿದ್ದದ್ದೇ ಅದು.

ರೇಣುಕಾಳಿಗೆ ವಿಷಯ ತಿಳಿಸಿದಾಗ ಅವಳು ಅಳಲಿಲ್ಲ. "ಹಂಗಾದ್ರ ನಾ ಇಲ್ಲೇ ಇರ್ತೇನ್ರಿ. ಅವ್ರು ಹೋಗ್ಲಿ," ಎಂದಳು. ಆದರೆ ಎಲ್ಲಿರುವುದು? ಕ್ವಾರ್ಟರ್ಸ್ ಬಿಡಬೇಕಿತ್ತು. ಹಾಸ್ಟೆಲ್ಲಿನಲ್ಲಿ ಮಗುವಿಗೆ ಅವಕಾಶವಿಲ್ಲ. ಮಗಳನ್ನು ಊರಿನಲ್ಲಿ ಅವ್ವನ ಹತ್ತಿರ ಬಿಡುವುದೋ, ಓದು ಬಿಡುವುದೋ ಎನ್ನುವಲ್ಲಿಗೆ ಬಂದು ನಿಂತಳು.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ, ನಮ್ಮೆಜಮಾನರು ಕಾಫಿ ಲೋಟ ಕೆಳಗಿಟ್ಟು, "ಮೇಲ್ಗಡೆ ರೂಮು ಸುಮ್ನೆ ಬಿದ್ದಿದೆಯಲ್ಲ," ಎಂದರು. ಅವರು ಆಗಲೇ ನಿವೃತ್ತರಾಗಿದ್ದರು.

"ಅವಳು ನನ್ನ ಸ್ಟೂಡೆಂಟು ಕಣ್ರೀ. ನಾಳೆ ಪೇಪರ್ ತಿದ್ದೋಳು ನಾನೇ. ಜನ ಏನಂತಾರೆ?"

"ಹಂಗಾದ್ರೆ ನೀನು ತಿದ್ಬೇಡ. ಬೇರೆಯೋರು ತಿದ್ಲಿ. ಅದಕ್ಕೋಸ್ಕರ ಮಗು ಅಮ್ಮನ್ನ ಬಿಟ್ಟಿರಬೇಕಾ?"

ಮರುದಿನ ಅಪ್ಪಾರಾವ್ ಗಾರಿಗೆ ಹೇಳಿದೆ. ಆ ವಿಷಯದ ಪ್ರಶ್ನೆಪತ್ರಿಕೆ ತೆಗೆಯುವುದೂ ತಿದ್ದುವುದೂ ವಿಜಯವಾಡದ ಇನ್ನೊಬ್ಬ ಪ್ರಾಧ್ಯಾಪಕರಿಗೆ ಹೋಗಲಿ, ಪಾಠ ಮಾತ್ರ ನಾನು ಹೇಳುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ಇದನ್ನು ಮಂಡಳಿಗೆ ಒಯ್ಯಬೇಕಾಗಿಲ್ಲ, ನಾನೇ ಸಹಿ ಮಾಡ್ತೀನಿ," ಎಂದರು. ಹೀಗೆ ರೇಣುಕಾ, ಸನ್ನಿಧಿ ನಮ್ಮ ಮನೆಗೆ ಬಂದರು.

ಆ ತಿಂಗಳುಗಳನ್ನು ನೆನೆದರೆ ನನಗೆ ಈಗಲೂ ಮನೆಯಲ್ಲಿ ಮಾತು ಕೇಳಿದ ಹಾಗಾಗುತ್ತದೆ. ಸನ್ನಿಧಿ ಶಾಲೆಯಲ್ಲಿ ತೆಲುಗು ಕಲಿತು ನಮ್ಮೆಜಮಾನರ ಜೊತೆ ತೆಲುಗಿನಲ್ಲೇ ಹರಟುತ್ತಿದ್ದಳು. "ತಾತಾ, ನಾಕು ಬೆಲ್ಲಂ ಕಾವಾಲಿ" ಎಂದು ಅವಳು ಕೈ ಚಾಚಿದರೆ ಇವರು ಡಬ್ಬಿ ಇಳಿಸುತ್ತಿದ್ದರು. ಫೋನಿನಲ್ಲಿ ಅಪ್ಪನಿಗೂ ತೆಲುಗಿನಲ್ಲೇ ಏನೇನೋ ಹೇಳುತ್ತಿದ್ದಳು. ಆ ಕಡೆಯಿಂದ ಬಸವರಾಜ, "ಏ ಪುಟ್ಟಿ, ಕನ್ನಡದಾಗ ಹೇಳವ್ವ, ನಿಮ್ಮಪ್ಪಗ ತಿಳೀವಲ್ದು," ಎಂದು ಗೋಗರೆಯುತ್ತಿದ್ದ. ಆಗ ನಮ್ಮೆಜಮಾನರು ಪಕ್ಕದಲ್ಲಿ ಕೂತು ಅವಳಿಗೆ ಒಂದೊಂದೇ ಮಾತನ್ನು ಕನ್ನಡ ಮಾಡಿಕೊಡುತ್ತಿದ್ದರು. ಅವರದು ಅರಸೀಕೆರೆಯ ಕನ್ನಡ. ಕೆಲವು ದಿನಗಳಲ್ಲೇ ಬೈಲಹೊಂಗಲದ ಮಗು "ಊಟ ಆಯ್ತು ಕಣಪ್ಪ" ಎನ್ನತೊಡಗಿತು. ರೇಣುಕಾ ನಕ್ಕು ನಕ್ಕು ಸುಸ್ತಾದಳು.

ಶನಿವಾರ ತರಗತಿ ಮುಗಿದ ಮೇಲೆ, ರೈಲಿನ ಹೊತ್ತಾಗುವವರೆಗೆ ಮೂರ್ತಿಗಾರೂ ನಮ್ಮಲ್ಲಿಗೆ ಬರುತ್ತಿದ್ದರು. ವರಾಂಡದಲ್ಲಿ ಅವರಿಬ್ಬರೂ ಲೆಕ್ಕ ಹರಡಿಕೊಂಡು ಕೂತರೆ ನಾನು ಒಳಗಿರುತ್ತಿದ್ದೆ. ಸಂಶಯವಿದ್ದರೆ ತರಗತಿಯಲ್ಲೇ, ಎಲ್ಲರ ಎದುರೇ ಕೇಳಬೇಕು ಎಂದು ಮೊದಲೇ ಹೇಳಿದ್ದೆ. ಒಂದು ದಿನ ಮೂರ್ತಿಗಾರು ಜೋರಾಗಿ "ವಚ್ಚಿಂದಿ! ವಚ್ಚಿಂದಿ!" ಎಂದು ಕೂಗಿದ್ದು ಅಡುಗೆಮನೆಗೆ ಕೇಳಿತು. ಬಂತು, ಬಂತು ಎಂದು. ಬಂದದ್ದು ಲೆಕ್ಕದ ಉತ್ತರ. ರೈಲು ಬಂತೇನೋ ಎಂದುಕೊಂಡು ನಮ್ಮೆಜಮಾನರು ಅವರ ಚೀಲ ಹಿಡಿದು ಹೊರಗೆ ಓಡಿದರು.

ಪರೀಕ್ಷೆಯಾಯಿತು. ಮೂರ್ತಿಗಾರು ಪಾಸಾದರು. ರೇಣುಕಾ ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿ ಫೈನೈಟ್ ಎಲಿಮೆಂಟಿನಲ್ಲಿ ಫೇಲಾದಳು.

ಫಲಿತಾಂಶವನ್ನು ಅವಳಿಗೆ ಹೇಳಿದ್ದು ನಾನೇ. ಮಗಳ ತಲೆ ಬಾಚುತ್ತಿದ್ದಳು. ಬಾಚಣಿಗೆ ನಿಂತಿತು, ಮತ್ತೆ ನಡೆಯಿತು. ಜಡೆ ಪೂರ್ತಿ ಹೆಣೆದು, ರಿಬ್ಬನ್ ಕಟ್ಟಿ, ಮಗುವನ್ನು ಹೊರಗೆ ಕಳಿಸಿದ ಮೇಲೆ, "ಸರ್ ಪಾಸಾದ್ರೇನ್ರಿ?" ಎಂದು ಕೇಳಿದಳು. ಹೌದೆಂದೆ. "ಚಲೋ ಆತ್ರಿ," ಎಂದು ಮಹಡಿಗೆ ಹೋದಳು. ಊಟಕ್ಕೆ ಬರಲಿಲ್ಲ.

ಅವಳ ಉತ್ತರ ಪತ್ರಿಕೆಯನ್ನು ಆಮೇಲೆ ತರಿಸಿ ನೋಡಿದೆ. ಮೊದಲ ಪ್ರಶ್ನೆಯನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಬಹುದು, ಅಷ್ಟು ಚಂದ ಮಾಡಿದ್ದಳು. ಅದನ್ನು ಬಿಡಲಾರದೆ, ಒಂದೊಂದು ಹೆಜ್ಜೆಯನ್ನೂ ಮತ್ತೆ ಪರಿಶೀಲಿಸುತ್ತಾ ಹೊತ್ತು ಕಳೆದಿದ್ದಳು. ಉಳಿದವುಗಳಲ್ಲಿ ಒಂದನ್ನು ಅರ್ಧ ಬರೆದಿದ್ದಳು, ಕೊನೆಯದನ್ನು ಮುಟ್ಟಿರಲೇ ಇಲ್ಲ. ನಾನೇ ತಿದ್ದಿದ್ದರೆ ಎಂಬ ಯೋಚನೆ ಬಂದು, ಮನಸ್ಸಿನಲ್ಲೇ ಅಂಕ ಹಾಕುತ್ತಾ ಹೋದೆ. ನಾನೂ ಅಷ್ಟೇ ಕೊಡುತ್ತಿದ್ದೆ. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.

ಹಳೆಯ ನಿಯಮದ ಕಾಲದಲ್ಲಿ, ಕಡ್ಡಾಯ ವಿಷಯದಲ್ಲಿ ಫೇಲಾದವರು ಮತ್ತೆ ಒಂದು ಸೆಮಿಸ್ಟರ್ ತರಗತಿಗೆ ಬಂದು ಕೂರಬೇಕಾಗಿತ್ತು. ನಿಯಮ ತಿದ್ದಿದ ಮೇಲೆ ಯಾರೂ ಫೇಲಾಗಿರಲಿಲ್ಲವಾದ್ದರಿಂದ ನನ್ನ ತಲೆಯಲ್ಲೂ, ನನ್ನಿಂದ ಕೇಳಿದ ಅವಳ ತಲೆಯಲ್ಲೂ ಹಳೆಯದೇ ಇತ್ತು. ಆ ಪಾಠ ವರ್ಷಕ್ಕೊಮ್ಮೆ ಮಾತ್ರ; ಇನ್ನೊಂದು ವರ್ಷ ಗಂಡ ಒಂದು ಕಡಲ ದಡದಲ್ಲಿ, ಹೆಂಡತಿ ಮಗು ಇನ್ನೊಂದರಲ್ಲಿ. ಅವಳು ಹೆಸರು ಕಿತ್ತುಹಾಕಿಸುವ ಪತ್ರ ಬರೆದುಕೊಂಡೇ ಅಪ್ಪಾರಾವ್ ಗಾರ ಹತ್ತಿರ ಹೋದಳು. ಮಾತಿಗೆ ನೆರವಾಗಲೆಂದು ನಾನೂ ಹೋದೆ.

ಅಪ್ಪಾರಾವ್ ಗಾರು ಪತ್ರವನ್ನು ಓದಿ ಪಕ್ಕಕ್ಕಿಟ್ಟು, ನಿಧಾನವಾಗಿ ಇಂಗ್ಲಿಷಿನಲ್ಲಿ ಅವಳಿಗೇ ಹೇಳಿದರು: "ಕಳೆದ ವರ್ಷ ನಿಯಮ ಬದಲಾಗಿದೆಯಮ್ಮಾ. ತರಗತಿಗೆ ಬಂದಿದ್ದೀಯ, ಹಾಜರಿ ಪೂರ್ತಿ ಇದೆ. ಅದನ್ನು ನಿನ್ನಿಂದ ಯಾರೂ ಕಿತ್ತುಕೊಳ್ಳೋ ಹಾಗಿಲ್ಲ. ಮುಂಬಯಿಗೆ ಹೋಗು. ಪ್ರಾಜೆಕ್ಟ್ ಅಲ್ಲಿಂದಲೇ ಶುರು ಮಾಡು. ಪೂರಕ ಪರೀಕ್ಷೆಗೆ ಬಂದು ಇದೊಂದು ಪೇಪರ್ ಬರೆದು ಹೋಗು, ಅಷ್ಟೇ."

ಅವಳು ನನ್ನ ಮುಖ ನೋಡಿದಳು. ಸರಿಯಾಗಿಯೇ ಕೇಳಿಸಿಕೊಂಡಿದ್ದೀಯ ಎಂಬಂತೆ ನಾನು ತಲೆಯಾಡಿಸಿದೆ. ಆಗ ಅತ್ತಳು, ಅಪ್ಪಾರಾವ್ ಗಾರ ಎದುರೇ, ಮುಖ ಮುಚ್ಚಿಕೊಳ್ಳದೆ. ಅವರು ಏನು ಮಾಡಬೇಕೆಂದು ತೋಚದೆ ತಮ್ಮ ನೀರಿನ ಬಾಟಲಿಯನ್ನು ಅವಳ ಕಡೆ ತಳ್ಳಿ, "ಪಾಪನಿ ಜಾಗ್ರತ್ತಗಾ ಚೂಸ್ಕೋ," ಎಂದರು. ಮಗುವನ್ನು ಜೋಪಾನವಾಗಿ ನೋಡಿಕೋ. ಈ ಸಲ ಅವಳಿಗೆ ಅರ್ಥವಾಯಿತು.

ತರಗತಿಗಳು ಮುಗಿದಿದ್ದರೂ ಆ ಶನಿವಾರ ಮೂರ್ತಿಗಾರು ಬಂದರು. ಗೇಟಿನ ಹತ್ತಿರವೇ ನಿಂತು, "ನಾನು ಪಾಸಾಗಬಾರದಿತ್ತಮ್ಮಾ. ನಿನ್ನ ಹೊತ್ತೆಲ್ಲ ನಾನು ತಿಂದೆ," ಎಂದರು.

"ಏನಂತೀರಿ ಸರ್! ನಿಮಗ ಹೇಳಿಕೊಡಾಕ ಹೋಗೇ ನಾ ಕಲ್ತಿದ್ದು," ಎಂದಳು ರೇಣುಕಾ, ಅಷ್ಟು ಹೊತ್ತಿಗೆ ಅವರಿಗೂ ತಿಳಿಯತೊಡಗಿದ್ದ ತನ್ನ ಕನ್ನಡದಲ್ಲಿ. "ಇಬ್ಬರಾಗ ಒಬ್ರರ ದಾಟಿದ್ವಲ್ರಿ. ಒಳಗ ಬರ್ರಿ."

ಅವಳು ಮುಂಬಯಿಗೆ ಹೋದ ಮೇಲೆ ಮೂರ್ತಿಗಾರು ಪ್ರತಿ ಭಾನುವಾರ ವಿಡಿಯೋ ಕರೆ ಮಾಡಿ ಅವಳ ಕೈಯಲ್ಲಿ ಲೆಕ್ಕ ಮಾಡಿಸತೊಡಗಿದರು. ಅಷ್ಟರಲ್ಲಿ ನನ್ನನ್ನು, ಸೇವೆಯ ಕೊನೆಯ ವರ್ಷಗಳಿಗೆಂದು, ವಿಜಯವಾಡದ ಕ್ಯಾಂಪಸ್ಸಿಗೆ ಕಳಿಸಿದ್ದರು. ಒಂದು ಭಾನುವಾರ ನಾವು ಅವರ ಮನೆಗೆ ಹೋದಾಗ ಕಣ್ಣಾರೆ ಕಂಡೆ. ಊಟದ ಮೇಜಿನ ಮೇಲೆ ನೀರಿನ ಚೊಂಬಿಗೆ ಫೋನ್ ಒರಗಿಸಿದ್ದಾರೆ. ಒಳಗಿನಿಂದ ಅವರ ಹೆಂಡತಿ, "ಊಟಕ್ಕೆ ಮೇಜು ಬಿಟ್ಟುಕೊಡಿ!" ಎನ್ನುತ್ತಿದ್ದಾರೆ. ಇವರು ಫೋನಿಗೆ ಹೇಳುತ್ತಿದ್ದಾರೆ: "ವದಿಲೇಯ್ ಅಮ್ಮಾ, ಬಿಟ್ಟುಬಿಡು. ಅದು ಸರಿಯಾಗಿದೆ. ಮುಂದಿನದಕ್ಕೆ ಹೋಗು. ಹಿಂದೆ ನೋಡಬೇಡ." ಅವಳಿಗೆ ಲೆಕ್ಕ ಬರುತ್ತಿತ್ತು. ಬಿಟ್ಟು ಮುಂದೆ ಹೋಗುವುದೊಂದನ್ನೇ ಅವರು ಅವಳಿಗೆ ಕಲಿಸಬೇಕಾಗಿದ್ದದ್ದು.

ಪೂರಕ ಪರೀಕ್ಷೆಯನ್ನು ಎರಡು ಕ್ಯಾಂಪಸ್ಸುಗಳಲ್ಲಿ ಎಲ್ಲಿಯಾದರೂ ಬರೆಯಬಹುದಿತ್ತು. ಅವಳು ವಿಜಯವಾಡವನ್ನು ಆರಿಸಿಕೊಂಡಳು. ಬಸವರಾಜ ಆಗ ಹಡಗಿನ ಮೇಲಿದ್ದ. ಮಗಳನ್ನೂ ಕರೆದುಕೊಂಡೇ ಬಂದಳು. ಗನ್ನವರಂ ವಿಮಾನ ನಿಲ್ದಾಣಕ್ಕೆ ನಾವು ಹೋಗುವ ಮೊದಲೇ ಮೂರ್ತಿಗಾರು ಹೋಗಿ ನಿಂತಿದ್ದರು. ಸನ್ನಿಧಿ ಉದ್ದ ಬೆಳೆದಿದ್ದಳು. ತೆಲುಗು ಮರೆತು ಹಿಂದಿ ಮಾತಾಡುತ್ತಿದ್ದಳು. ನಮ್ಮೆಜಮಾನರನ್ನು ನೋಡಿ ಒಂದು ಗಳಿಗೆ ಸಂಕೋಚಪಟ್ಟು, ಆಮೇಲೆ ಓಡಿಬಂದು ಕಾಲಿಗೆ ಜೋತುಬಿದ್ದಳು.

ಪರೀಕ್ಷೆಯ ಕೊಠಡಿಗೆ ಮೇಲ್ವಿಚಾರಕರಾಗಿ ಮೂರ್ತಿಗಾರ ಹೆಸರೇ ಬಂದಿತ್ತು. ಅವರು ಪರೀಕ್ಷಾ ವಿಭಾಗಕ್ಕೆ ಹೋಗಿ, "ಆ ಕೊಠಡಿಯಲ್ಲಿ ನನ್ನ ವಿದ್ಯಾರ್ಥಿನಿ ಇದ್ದಾಳೆ, ಬೇರೆಯವರನ್ನು ಹಾಕಿ," ಎಂದು ಬಿಡಿಸಿಕೊಂಡು ಬಂದರು. ತಾವು ಪಾಠ ಹೇಳಿದ ಅಷ್ಟು ಮಕ್ಕಳಿರುವ ಕಾಲೇಜಿನಲ್ಲಿ ಆ ಕಾರಣ ಕೇಳಿ ಅಲ್ಲಿಯವರು ನಕ್ಕರಂತೆ. ಆಮೇಲೆ ಕೆಳಗೆ ಬೇವಿನ ಮರದ ಕಟ್ಟೆಯ ಮೇಲೆ ಸನ್ನಿಧಿಯ ಜೊತೆ ಕೂತರು. ಅವಳು ಅವರಿಗೆ ಹಿಂದಿಯಲ್ಲಿ ಒಂದು ಆಟ ಹೇಳಿಕೊಟ್ಟಳು. ಅವರು ಎಲ್ಲ ಸುತ್ತಿನಲ್ಲೂ ಸೋತರು. ನಾನು ಮೇಲಿನ ನನ್ನ ಕೋಣೆಯ ಕಿಟಕಿಯಿಂದ ಆಗಾಗ ನೋಡುತ್ತಿದ್ದೆ. ಕೆಲಸವೇನೂ ಸಾಗಲಿಲ್ಲ.

ಫಲಿತಾಂಶ ಬರಲು ಒಂದಷ್ಟು ದಿನ ಹಿಡಿಯಿತು. ರೇಣುಕಾ ಪಾಸಾದಳು, ಪ್ರಾಜೆಕ್ಟನ್ನೂ ಮುಗಿಸಿದಳು. ಈಗ ಮುಂಬಯಿಯಲ್ಲೇ ಒಂದು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಾಳೆ. ಮೂರ್ತಿಗಾರ ಥೀಸಿಸ್ ಇನ್ನೂ ನಡೆಯುತ್ತಿದೆ. ಕೋರ್ಸ್‌ವರ್ಕ್ ಮುಗಿದದ್ದರಿಂದ ಅವರ ಕೆಲಸವಂತೂ ಉಳಿಯಿತು. ಆದರೆ ನನ್ನ ಕುರ್ಚಿಯಲ್ಲಿ ಕೂತವರಿಗೆ ನಾನು ಹೇಳಬೇಕಾಗಿರುವುದು ಆ ಪರೀಕ್ಷೆಯ ಮಧ್ಯಾಹ್ನದ ಮಾತು.

ಗಂಟೆ ಹೊಡೆದ ಮೇಲೆ ನಾನು ಕೆಳಗಿಳಿದು ಬರುವಷ್ಟರಲ್ಲಿ ರೇಣುಕಾ ಹೊರಗೆ ಬಂದಿದ್ದಳು. ಕೈಯೆಲ್ಲ ಮಸಿ. ಹೇಗಾಯಿತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಮೂರ್ತಿಗಾರಿಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ. ಅವಳ ಕೈಯಿಂದ ಪ್ರಶ್ನೆಪತ್ರಿಕೆ ತೆಗೆದುಕೊಂಡು, ಕಟ್ಟಡದ ಮೆಟ್ಟಿಲ ಮೇಲೆ ಕೂತು, ಜೇಬಿನ ಪೆನ್ನು ತೆಗೆದು, ಅದರ ಹಿಂಬದಿಯಲ್ಲಿ ಕೊನೆಯ ಲೆಕ್ಕವನ್ನು ಮಾಡತೊಡಗಿದರು. ಇನ್ನು ಯಾರಿಗೂ ಅದರಿಂದ ಒಂದು ಅಂಕವೂ ಬರುವಂತಿರಲಿಲ್ಲ. ಅಟೆಂಡರು ಕೊಠಡಿಗಳಿಗೆ ಬೀಗ ಹಾಕುತ್ತಾ ಹೋದ.

ರೇಣುಕಾ ನಿಂತೇ ಅವರ ಭುಜದ ಮೇಲಿಂದ ಬಗ್ಗಿ ನೋಡಿದಳು. "ಸರ್, ನಾನೂ ಹಿಂಗ ಮಾಡೀನ್ರಿ," ಎಂದಳು. ಆಮೇಲೆ ಕಾಗದದ ಮೇಲೆ ಬೆರಳಿಟ್ಟು, "ಆದ್ರ ಇದನ್ನ ಇನ್ನೊಂದು ನಮೂನಿ ಮಾಡಾಕ ಬರ್ತೈತಿ ಅನಸ್ತೈತ್ರಿ."

"ಎಲಾ?" ಎಂದರು ಮೂರ್ತಿಗಾರು. ಹೇಗೆ? ಎಂದು ಕೇಳಿ, ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಮಾಡಿಕೊಟ್ಟು, ಪೆನ್ನನ್ನು ಅವಳ ಕೈಗಿತ್ತರು.